ಮಗಳು ಮೆಕ್ಯಾನಿಕಲ್ ಓದ್ತೀನಿ ಅಂದ್ರೆ ಗಾಬರಿ ಬೇಡ!

ಸಿಇಟಿ ರ‍್ಯಾಂಕ್ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು. ಕಂಪ್ಯೂಟರ್ ಸೈನ್ಸ್ ಸಿಗುತ್ತಾ? ಸಿಗದಿದ್ರೆ ಎಲೆಕ್ಟ್ರಾನಿಕ್ಸ್? ಅದೂ ಇಲ್ಲಾಂದ್ರೆ? ಮಗನ ಆಪ್ಷನ್ ಪಟ್ಟಿಯಲ್ಲಾದರೆ ಮೂರನೇ ಸಾಲಿಗೋ ನಾಲ್ಕನೇ ಸಾಲಿಗೋ ಮೆಕ್ಯಾನಿಕಲ್ ಬಂದೇ ಬರುತ್ತದೆ. ಮಗಳ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರೋದಿಲ್ಲ. ಅವಳಾಗಿಯೇ ಬಾಯಿಬಿಟ್ಟು 'ನಂಗೆ ಮೆಕ್ಯಾನಿಕಲ್ಲೇ ಬೇಕು' ಅಂದಳೋ, ಮುಗೀತು! ಅಪ್ಪ ಓದ್ತಿದ್ದ ಪೇಪರ್ ಕೆಳಗಿಡ್ತಾರೆ. ಅಜ್ಜಿ ದೇವರ ಮನೆಯಿಂದ ಎದ್ದು ಬರ್ತಾರೆ. ಏನು ಹೇಳ್ಬೇಕು ಅಂತ ಗೊತ್ತಾಗದೆ ನಿಂತುಬಿಡೋದು ಅಮ್ಮ ಒಬ್ಬಳೇ. ಬೇಡ ಅನ್ನೋಕೆ ಮನಸ್ಸಿಲ್ಲ, ಸರಿ ಅನ್ನೋಕೆ ಧೈರ್ಯವಿಲ್ಲ.

ಈ ಬರಹ ಆ ಅಮ್ಮನಿಗೆ.

ನನ್ನ ತವರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಸುತ್ತ ಅಡಿಕೆ ತೋಟ, ಭತ್ತದ ಗದ್ದೆ. ತುಂಗಭದ್ರೆಯ ನೀರನ್ನು ಮೇಲೆತ್ತಿ ಕೆರೆಗಳಿಗೆ ತುಂಬಿಸುವ ಏತ ನೀರಾವರಿ ಯೋಜನೆಯಿಂದಾಗಿ ಊರಿನ ಹೆಸರು ಆಗಾಗ ಪೇಪರಿನಲ್ಲಿ ನೀವೂ ಓದಿರಬಹುದು. ನನ್ನ ಅಕ್ಕನ ಮಗಳು ಆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಶಿವಮೊಗ್ಗದಲ್ಲಿ ಪಿಯುಸಿ ಓದಿ, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿಇ ಮಾಡಿದಳು. ಈಗ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್. ಅವಳು ಈ ಕೋರ್ಸ್ ಬೇಕು ಅಂದ ದಿನ ನಮ್ಮವ್ವ ಕೇಳಿದ್ದಿಷ್ಟೇ: "ಹೆಣ್ಣುಡುಗಿ ಗ್ಯಾರೇಜಿನಾಗೆ ಕುಂತ್ಕಂಡು ನಟ್ಟು ಬೋಲ್ಟು ಬಿಗೀತಾಳೇನು?" ಭಾವನವರು ಸ್ವಲ್ಪ ಓದಿಕೊಂಡವರು. ಅವರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. "ಓದ್ಲಿ. ಆದ್ರೆ ಫ್ಯಾಕ್ಟರಿ ಒಳಗೆ ಕಾಲಿಡೋದು ಬೇಡ. ಎಸಿ ರೂಮಿನಾಗೆ ಕಂಪ್ಯೂಟರ್ ಮುಂದೆ ಕುಂತು ಡಿಸೈನ್ ಮಾಡೋದಾದ್ರೆ ಆಗ್ಲಿ."

ನಮ್ಮಲ್ಲಿ ಮಗಳ ಮಾತಿಗೆ ಒಪ್ಪುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಹಾಕೋದು ಇದೇ ಷರತ್ತು. ಕೇಳೋಕೆ ಪ್ರೀತಿಯ ಮಾತೇ. ಆದರೆ ಆ ಹುಡುಗಿಯ ಕೆಲಸಕ್ಕೆ ದೊಡ್ಡ ಅಡ್ಡಿ ಅಂದರೂ ಅದೇ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಈ ಕೆಲಸ ಏನು ಅಂತ ನೋಡೋಣ.

ಅಷ್ಟಕ್ಕೂ ಮಾಡೋದೇನು?

ನಿಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ನೋಡಿ. ಮುಚ್ಚಳದ ಮೇಲೆ ಕೂರಿಸುವ ವೆಯ್ಟ್ ಇಷ್ಟೇ ತೂಕ ಇರಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಆ ತೂಕದಿಂದಾಗಿಯೇ ಒಳಗಿನ ಒತ್ತಡ ಏರಿ, 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿ ಮುಟ್ಟುತ್ತದೆ, ಬೇಳೆ ಬೇಗ ಬೇಯುತ್ತದೆ. ಸರಿ, ವೆಯ್ಟಿನ ಕೊಳವೆಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡು ಹಬೆ ಹೊರಗೆ ಹೋಗದಿದ್ದರೆ? ಅದನ್ನೂ ಅವರು ಮೊದಲೇ ಯೋಚಿಸಿರ್ತಾರೆ. ಅದಕ್ಕೇ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇರೋದು. ಶಾಖ ಮಿತಿ ಮೀರಿದರೆ ಅದರೊಳಗಿನ ಲೋಹ ಕರಗಿ ಹಬೆಗೆ ದಾರಿ ಬಿಡುತ್ತದೆ. ಹಾಳಾಗೋದು ಕೆಲವೇ ರೂಪಾಯಿಯ ವಾಲ್ವ್, ಉಳಿಯೋದು ನಮ್ಮ ಜೀವ.

ಡಿಸೈನ್ ಎಂಜಿನಿಯರ್ ಕೆಲಸ ಅಂದರೆ ಇದು. ಒಂದು ವಸ್ತು ಹೇಗಿರಬೇಕು, ಯಾವ ಲೋಹದ್ದಾಗಬೇಕು, ಎಷ್ಟು ದಪ್ಪ ಇರಬೇಕು, ಎಷ್ಟು ಭಾರ ತಡೀಬೇಕು, ಕೆಟ್ಟರೆ ಯಾವ ಭಾಗ ಮೊದಲು ಕೆಡಬೇಕು, ಇವನ್ನೆಲ್ಲ ಅದು ತಯಾರಾಗುವ ಮೊದಲೇ ತೀರ್ಮಾನ ಮಾಡೋದು. ಮೊದಲೆಲ್ಲ ದೊಡ್ಡ ಬೋರ್ಡಿನ ಮೇಲೆ ಹಾಳೆ ಹಚ್ಚಿ ಪೆನ್ಸಿಲಿನಲ್ಲಿ ಬರೀತಿದ್ದರು. ಈಗ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾದಂಥ ಸಾಫ್ಟ್‌ವೇರ್ ಇವೆ. ಕಂಪ್ಯೂಟರಿನಲ್ಲೇ ವಸ್ತುವನ್ನು ಮೂರು ಆಯಾಮದಲ್ಲಿ ಕಟ್ಟಿ, ತಿರುಗಿಸಿ, ಎಲ್ಲಿ ಬಿರುಕು ಬಿಡಬಹುದು ಅಂತ ಪರೀಕ್ಷೆ ಮಾಡಿ ನೋಡಬಹುದು.

ನಮ್ಮೂರಿನ ಕಡೆಯ ಉದಾಹರಣೆ ಬೇಕಾ? ಅಡಿಕೆ ಸುಲಿಯೋದು. ಸೀಜನ್ ಬಂದರೆ ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಕಡೆ ಹೆಂಗಸರು ರಾತ್ರಿ ಬಹಳ ಹೊತ್ತಿನವರೆಗೂ ಸಾಲಾಗಿ ಕೂತು ಕತ್ತಿಯಲ್ಲಿ ಹಸಿ ಅಡಿಕೆ ಸುಲೀತಿದ್ದರು. ಬೆರಳು ಕೊಯ್ದುಕೊಳ್ಳದವರೇ ಇಲ್ಲ. ಈಗ ಬಹಳ ಕಡೆ ಸುಲಿಯೋ ಯಂತ್ರ ಬಂದಿದೆ. ಕೇಳೋಕೆ ಸುಲಭ, ಆದರೆ ಯೋಚಿಸಿ. ಒಂದು ಅಡಿಕೆ ಇದ್ದ ಗಾತ್ರದಲ್ಲಿ ಇನ್ನೊಂದು ಇರೋದಿಲ್ಲ. ಸಿಪ್ಪೆ ಬಿಡಬೇಕು, ಒಳಗಿನ ಕಾಯಿಗೆ ಗಾಯ ಆಗಬಾರದು. ಗಾಯವಾದ ಅಡಿಕೆಗೆ ಬೆಲೆ ಕಡಿಮೆ. ಬ್ಲೇಡ್ ಎಷ್ಟು ಆಳಕ್ಕೆ ಹೋಗಬೇಕು, ಹಿಡಿಯುವ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅನ್ನೋದನ್ನು ಲೆಕ್ಕ ಹಾಕುವವರಿಗೆ ತೋಳಿನ ಬಲ ಬೇಕಾಗಿಲ್ಲ. ಅಡಿಕೆ ಸುಲಿಯೋದನ್ನು ಹತ್ತಿರದಿಂದ ಕಂಡಿರಬೇಕು, ಅಷ್ಟೇ. ಅದನ್ನು ಕಂಡವರಲ್ಲಿ ಹೆಚ್ಚಿನವರು ಯಾರು ಹೇಳಿ? ಹೆಣ್ಣುಮಕ್ಕಳೇ ಅಲ್ವಾ?

ಡಬ್ಬಿ ಮುಚ್ಚಳದ ಲೆಕ್ಕ

ಸ್ಟೀಲ್ ಡಬ್ಬಿಯ ಮುಚ್ಚಳ ತೀರಾ ಬಿಗಿಯಾದರೆ ತೆಗೆಯೋಕೆ ಚಮಚ ಹಾಕಿ ಮೀಟಬೇಕು. ಸಡಿಲವಾದರೆ ಸಕ್ಕರೆಗೆ ಇರುವೆ. ಸರಿಯಾಗಿ ಕೂರಬೇಕಾದರೆ ಎರಡರ ಅಳತೆಯ ನಡುವೆ ಒಂದಿಷ್ಟೇ ಇಷ್ಟು ಅಂತರ ಬೇಕು. ಇದಕ್ಕಾಗಿ ಎಂಜಿನಿಯರುಗಳು 'ಟಾಲರೆನ್ಸ್' ಗೊತ್ತುಮಾಡ್ತಾರೆ. ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತೆ ಅನ್ನೋ ಮಿತಿ.

ನನ್ನ ಅಕ್ಕನ ಮಗಳು ಒಮ್ಮೆ ವಿವರಿಸಿದಳು. 20 ಮಿಲಿಮೀಟರ್ ರಂಧ್ರಕ್ಕೆ ಡ್ರಾಯಿಂಗಿನಲ್ಲಿ 'ಎಚ್7' ಅಂತ ಬರೆದರೆ, ಆ ರಂಧ್ರ 20 ಮಿ.ಮೀ.ಗಿಂತ ಕಡಿಮೆ ಆಗುವಂತಿಲ್ಲ, ಹೆಚ್ಚಾದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ 21 ಭಾಗದಷ್ಟು ಮಾತ್ರ ಹೆಚ್ಚಾಗಬಹುದು. ನಮ್ಮ ತಲೆಕೂದಲಿನ ದಪ್ಪ ಸಾಮಾನ್ಯವಾಗಿ ಇದರ ಮೂರು ಪಟ್ಟು! "ಹಂಗಾದ್ರೆ ಎಲ್ಲದಕ್ಕೂ ಇಷ್ಟೇ ಬಿಗಿ ಅಳತೆ ಹಾಕಿಬಿಟ್ರೆ ಒಳ್ಳೇದಲ್ವಾ?" ಅಂದೆ. ನಕ್ಕಳು. "ಅಲ್ಲೇ ಇರೋದು ಚಿಕ್ಕಮ್ಮ. ಬಿಗಿ ಆದಷ್ಟೂ ಖರ್ಚು ಜಾಸ್ತಿ. ಒಳ್ಳೇ ಮಷೀನ್ ಬೇಕು, ಟೈಮ್ ಬೇಕು, ಸ್ವಲ್ಪ ತಪ್ಪಿದ್ರೂ ಮಾಲು ಗುಜರಿಗೆ. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬಿಟ್ರೂ ನಡೆಯುತ್ತೆ ಅಂತ ಗೊತ್ತಿರೋರೇ ಒಳ್ಳೇ ಡಿಸೈನರ್."

ತಿಂಗಳ ಖರ್ಚು ತೂಗಿಸುವ ನಮಗೆ ಈ ಮಾತು ಹೊಸದಲ್ಲ, ನೋಡಿ!

ಎಸಿ ರೂಮು ಸಾಲದು

ಈಗ ಭಾವನವರ ಷರತ್ತಿಗೆ ಬರೋಣ. ಡಿಸೈನ್ ಅಂದರೆ ಕಂಪ್ಯೂಟರ್ ಮುಂದಿನ ಕೆಲಸ ಅನ್ನೋದು ಅರ್ಧ ಮಾತ್ರ ನಿಜ. ಇನ್ನರ್ಧ ಇರೋದು ಕೆಳಗೆ, ಮಷೀನುಗಳ ನಡುವೆ, ಶಾಪ್‌ಫ್ಲೋರ್ ಅಂತಾರಲ್ಲ ಅಲ್ಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪನಿಗೆ ಕೊಟ್ಟ ಮಾತಿನಂತೆ ಅವಳು ಕೆಳಗಿಳಿಯುತ್ತಿದ್ದುದೇ ಕಡಿಮೆಯಂತೆ. ಒಂದು ಗೇರ್‌ಬಾಕ್ಸಿನ ಕವರ್ ಡಿಸೈನ್ ಮಾಡಿದಳು. ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿತ್ತು. ಮಾಲು ತಯಾರಾಗಿ ಜೋಡಿಸುವ ದಿನ ಕೆಳಗಿಂದ ಕರೆ ಬಂತು. ಹಿರಿಯ ಫಿಟ್ಟರ್ ಒಬ್ಬರು ಕೈಗೆ ಸ್ಪ್ಯಾನರ್ ಕೊಟ್ಟು, "ಮೇಡಂ, ಈ ಬೋಲ್ಟ್ ನೀವೇ ಟೈಟ್ ಮಾಡಿ ನೋಡೋಣ" ಅಂದರಂತೆ. ಬೋಲ್ಟ್ ಇತ್ತು, ಅದರ ರಂಧ್ರವೂ ಸರಿಯಾಗಿತ್ತು. ಆದರೆ ಸ್ಪ್ಯಾನರ್ ತಿರುಗಿಸೋಕೆ ಪಕ್ಕದಲ್ಲಿ ಜಾಗವೇ ಇರಲಿಲ್ಲ! ಸುತ್ತ ನಿಂತವರು ನಕ್ಕರು. ಅವಳು ಆ ದಿನ ಅತ್ತಳು, ಮಾರನೇ ದಿನದಿಂದ ದಿನಕ್ಕೊಂದು ಗಂಟೆ ಕೆಳಗೇ ಇರೋಕೆ ಶುರು ಮಾಡಿದಳು. ಮನೆಗೆ ಮಾತ್ರ ಹೇಳಲಿಲ್ಲ.

ಎರಕದ ಕೆಲಸವೂ ಹಾಗೇ. ಶಿವಮೊಗ್ಗ, ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿ ಮರಳಿನ ಅಚ್ಚಿಗೆ ಕಾದ ಕಬ್ಬಿಣ ಸುರಿಯುತ್ತಾರೆ. ತಣ್ಣಗಾಗುವಾಗ ಅದು ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಹೊಸ ಕಾಟನ್ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ ಅಂತ ನಾವು ಒಂದಿಷ್ಟು ಹೆಚ್ಚು ಬಿಟ್ಟು ಹೊಲಿಸ್ತೀವಲ್ಲ, ಹಾಗೆ ಅಚ್ಚಿನ ಮಾದರಿಯನ್ನೂ ಅಷ್ಟು ದೊಡ್ಡದಾಗಿ ಮಾಡಬೇಕು. ಮಾದರಿಯ ಗೋಡೆಗಳು ಪೂರಾ ನೇರವಾಗಿದ್ದರೆ ಮರಳಿನಿಂದ ಎತ್ತುವಾಗ ಅಚ್ಚು ಒಡೆಯುತ್ತದೆ. ಇಡ್ಲಿ ತಟ್ಟೆಯ ಗುಳಿ ಅಂಚಿಗೆ ಅಗಲವಾಗಿ ಇರೋದರಿಂದ ತಾನೇ ಇಡ್ಲಿ ಸಲೀಸಾಗಿ ಬಿಡೋದು? ಹಾಗೇ ಅದಕ್ಕೂ ತುಸು ಇಳಿಜಾರು ಕೊಡಬೇಕು. ಪುಸ್ತಕದಲ್ಲಿ ಇದೆಲ್ಲ ಒಂದೊಂದು ಸಾಲು. ಒಡೆದ ಅಚ್ಚನ್ನು ಒಮ್ಮೆ ಕಣ್ಣಾರೆ ನೋಡಿದವಳು ಮಾತ್ರ ಜನ್ಮದಲ್ಲಿ ಮರೆಯೋದಿಲ್ಲ.

ಅದಕ್ಕೇ ಹೇಳಿದ್ದು. 'ಫ್ಯಾಕ್ಟರಿ ಒಳಗೆ ಹೋಗಬೇಡ' ಅಂದರೆ ಅಡುಗೆಮನೆಗೆ ಕಾಲಿಡದೆ ಅಡುಗೆ ಕಲಿ ಅಂದ ಹಾಗೆ. ಹಾಗೆ ಕಲಿತವಳು ಬೇರೆಯವರು ಹೇಳಿದ ಗೆರೆ ಎಳೆಯೋದರಲ್ಲೇ ಉಳೀತಾಳೆ. ಜೊತೆಗೆ ಸೇರಿದ ಹುಡುಗರು ಕೆಳಗೆ ಓಡಾಡಿ ಕಲಿತು ಮುಂದೆ ಹೋಗ್ತಾರೆ. ಆಮೇಲೆ ನಾವೇ 'ಹೆಣ್ಣುಮಕ್ಕಳಿಗೆ ಈ ಲೈನು ಆಗಿಬರೋದಿಲ್ಲ' ಅಂತ ತೀರ್ಪು ಕೊಡ್ತೀವಿ!

ಮೊದಲಿಗಳೇನೂ ಅಲ್ಲ

ಸುಧಾ ಮೂರ್ತಿಯವರ ಕತೆ ನಿಮಗೆಲ್ಲ ಗೊತ್ತು. ಹೊನ್ನಾಳಿಗೆ ಪಕ್ಕದ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿದವರು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವಾಗ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಅಂತ ಇದ್ದುದನ್ನು ನೋಡಿ ಸಿಟ್ಟು ಬಂದು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಲಾರಿ ತಯಾರಿಸುವ ಕಂಪನಿಯ ಶಾಪ್‌ಫ್ಲೋರಿನಲ್ಲಿ ಹುಬ್ಬಳ್ಳಿಯಲ್ಲಿ ಓದಿದ ಹುಡುಗಿ! ಅದಾಗಿ ಐವತ್ತು ವರ್ಷವೇ ದಾಟಿತು.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್ಎಂಟಿ ವಾಚ್ ಕಾರ್ಖಾನೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಭಾಗಗಳನ್ನು ಜೋಡಿಸಿದವರಲ್ಲಿ ಹೆಣ್ಣುಮಕ್ಕಳು ಬಹಳ. ನಮ್ಮಪ್ಪಂದಿರ ಕೈಯಲ್ಲಿದ್ದ ವಾಚುಗಳೆಲ್ಲ ಹೀಗೆ ಬಂದವೇ. ಅಂದರೆ ಕಾರ್ಖಾನೆಗೆ ಹೆಣ್ಣು ಹೊಸಬಳಲ್ಲ. ಜೋಡಿಸುವ ಜಾಗದಿಂದ ಡ್ರಾಯಿಂಗ್‌ಗೆ ಸಹಿ ಹಾಕುವ ಜಾಗಕ್ಕೆ ಅವಳು ಬರೋದು ತಡವಾಯಿತು, ಅಷ್ಟೇ.

ಕಾರ್ಖಾನೆ ಮುಚ್ಚಿಹೋದ್ರೆ?

ದಾವಣಗೆರೆ ಕಡೆಯವರು ತಕ್ಷಣ ಹರಿಹರದ ಉದಾಹರಣೆ ಕೊಡ್ತಾರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಿತ್ತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದಾಗ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ಎಚ್ಎಂಟಿ ವಾಚ್ ಕಂಪನಿಯೂ 2016ರಲ್ಲಿ ಮುಚ್ಚಿತು. ಆ ಭಯ ಸುಳ್ಳಲ್ಲ. ಆದರೆ ಸಾಫ್ಟ್‌ವೇರ್ ಕಂಪನಿಗಳೂ ಒಂದೇ ದಿನ ನೂರಾರು ಜನರನ್ನು ಮನೆಗೆ ಕಳಿಸಿದ್ದನ್ನು ನೋಡಿದ್ದೀವಲ್ಲ? ಶಾಶ್ವತ ಅನ್ನೋ ಖಾಸಗಿ ನೌಕರಿ ಯಾವ ಲೈನಿನಲ್ಲೂ ಇಲ್ಲ. ಡಿಸೈನ್ ಬಲ್ಲವಳಿಗೆ ಇರುವ ಅನುಕೂಲ ಏನೆಂದರೆ, ಪಂಪು, ಟ್ರ್ಯಾಕ್ಟರ್, ಆಸ್ಪತ್ರೆಯ ಮಂಚ, ಎಲೆಕ್ಟ್ರಿಕ್ ಸ್ಕೂಟರ್ ಎಲ್ಲಕ್ಕೂ ಅದೇ ವಿದ್ಯೆ ಬೇಕು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ಕೇಳಬಹುದು.

ಸಂಬಳದ ವಿಷಯ ಮುಚ್ಚುಮರೆ ಇಲ್ಲದೆ ಹೇಳಿಬಿಡ್ತೀನಿ. ಕಾಲೇಜು ಮುಗಿದ ಕೂಡಲೇ ಸಾಫ್ಟ್‌ವೇರ್ ಗೆಳತಿಗೆ ಸಿಗುವಷ್ಟು ಸಂಬಳ ಇಲ್ಲಿ ಸಾಮಾನ್ಯವಾಗಿ ಸಿಗೋದಿಲ್ಲ. ಮೊದಲ ಮೂರ್ನಾಲ್ಕು ವರ್ಷ ಕಲಿಕೆಯ ಕಾಲ. ಅನುಭವ ಆದ ಮೇಲೆ ಬೆಲೆ ಏರುತ್ತದೆ. ಪಕ್ಕದ ಮನೆ ಹುಡುಗಿಯ ಸಂಬಳ ಹೇಳಿ ಹೇಳಿ ಮಗಳನ್ನು ಚುಚ್ಚುವ ಅಭ್ಯಾಸ ಇದ್ದರೆ ಈಗಲೇ ಬಿಟ್ಟುಬಿಡಿ.

ಅಮ್ಮಂದಿರು ಕೇಳುವ ಪ್ರಶ್ನೆಗಳು

ನೈಟ್ ಶಿಫ್ಟ್ ಇರುತ್ತಾ? ಡಿಸೈನ್ ವಿಭಾಗಕ್ಕೆ ಸಾಮಾನ್ಯವಾಗಿ ಹಗಲು ಪಾಳಿಯೇ. ಉತ್ಪಾದನಾ ವಿಭಾಗದಲ್ಲಿ ಪಾಳಿಗಳಿರುತ್ತವೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸುವಂತಿರಲಿಲ್ಲ. ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು, ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಅವಳ ಒಪ್ಪಿಗೆ ಇರಬೇಕು, ಸುರಕ್ಷತೆ ಮತ್ತು ವಾಹನದ ವ್ಯವಸ್ಥೆ ಇರಬೇಕು. ಒತ್ತಾಯ ಮಾಡುವಂತಿಲ್ಲ.

ಅಪಾಯ ಇಲ್ವಾ? ಎಚ್ಚರ ತಪ್ಪಿದರೆ ಇದೆ. ತಿರುಗುವ ಯಂತ್ರದ ಹತ್ತಿರ ದುಪಟ್ಟಾ, ಬಳೆ, ಉದ್ದ ಸರ, ಇಳಿಬಿಟ್ಟ ಜಡೆ ಖಂಡಿತ ಕೂಡದು. ಕೂದಲು ಕಟ್ಟಿ ಟೋಪಿಯೊಳಗೆ ಸೇರಿಸಬೇಕು, ಸೇಫ್ಟಿ ಶೂ, ಕನ್ನಡಕ ಹಾಕಬೇಕು. 'ಬರಿಗೈಯಲ್ಲಿ ಹೋಗ್ಬೇಡ, ಎರಡು ಬಳೆ ಹಾಕ್ಕೋ' ಅಂತ ದಯವಿಟ್ಟು ಹೇಳಬೇಡಿ.

ಗಂಡಸರ ನಡುವೆ ಒಬ್ಬಳೇ ಆದ್ರೆ? 2013ರ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವೂ ಕಡ್ಡಾಯ. ಸಂದರ್ಶನಕ್ಕೆ ಹೋದಾಗಲೇ ಇವನ್ನು ನೋಡಿಕೊಂಡು ಬರಲಿ. ಕೇಳೋಕೆ ನಾಚಿಕೆ ಬೇಡ.

ಮದುವೆ, ಬಾಣಂತನ? ನಿಯಮದಂತೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಆದರೆ ಒಂದು ಮಾತು: ಕಾರ್ಖಾನೆ ಇರುವ ಊರಲ್ಲೇ ಈ ಕೆಲಸ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗ, ಹೊಸೂರು ಹೀಗೆ. ಗಂಡು ನೋಡುವಾಗ ಹುಡುಗನ ಊರು ಯಾವುದು ಅಂತಲೂ ನೋಡಿ. ಬಿಡುವು ತೆಗೆದುಕೊಂಡರೂ ಸಾಫ್ಟ್‌ವೇರಿನ ಅಭ್ಯಾಸ ಬಿಡದಿದ್ದರೆ ಮತ್ತೆ ಸೇರೋದು ಸುಲಭ.

ಓದುವ ದಾರಿ

ಎಸ್ಸೆಸ್ಸೆಲ್ಸಿ ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ. ಆಮೇಲೆ ಬೇಕಾದರೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಕೈಕೆಲಸ ಗಟ್ಟಿಯಾಗಿ ಕಲಿಯಬೇಕು ಅನ್ನುವವರಿಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಇದಕ್ಕೆ ಹರಿಹರ, ಶಿವಮೊಗ್ಗದಲ್ಲೂ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ 3 ವರ್ಷ ಓದು, 1 ವರ್ಷ ಕಾರ್ಖಾನೆ ತರಬೇತಿ.

ಪಿಯುಸಿ ಸೈನ್ಸ್ ಆದವರಿಗೆ ಸಿಇಟಿ ಮೂಲಕ 4 ವರ್ಷದ ಬಿಇ. ಆ ಭಾಗದವರಿಗೆ ದಾವಣಗೆರೆಯಲ್ಲಿ 1951ರಷ್ಟು ಹಳೆಯ ಬಿಡಿಟಿ ಕಾಲೇಜು ಇದೆ, ಈಗ ಅದು ವಿಟಿಯು ಸೇರಿದೆ. ಅದೇ ಊರಲ್ಲಿ ಬಿಐಇಟಿ, ಶಿವಮೊಗ್ಗದಲ್ಲಿ ಜೆಎನ್ಎನ್‌ಸಿಇ ಇವೆ. ಹಳ್ಳಿಯಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ ಉಂಟು. ಶಾಲೆಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನದಲ್ಲಿ ಆಯ್ಕೆಯಾದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂ. ಸಿಗುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅರ್ಜಿ ಹಾಕಬಹುದು.

ಕನ್ನಡ ಮಾಧ್ಯಮದವಳು ಇಂಗ್ಲಿಷಿನಲ್ಲಿ ಹೇಗೆ ಓದ್ತಾಳೆ ಅನ್ನೋ ಅಳುಕೂ ಇರುತ್ತೆ. ಮೊದಲ ವರ್ಷ ಕಷ್ಟವೇ. ಆದರೆ ನಮ್ಮ ಹುಡುಗಿ ಹೇಳೋದು ಹೀಗೆ: "ಡ್ರಾಯಿಂಗ್ ಓದೋಕೆ ಇಂಗ್ಲಿಷ್ ಬೇಡ ಚಿಕ್ಕಮ್ಮ. ನಾನು ಬರೆದ ಗೆರೆ ಜರ್ಮನಿಯವರಿಗೂ ಅರ್ಥ ಆಗುತ್ತೆ, ನಮ್ಮ ಲೇತ್ ಅಣ್ಣನಿಗೂ ಅರ್ಥ ಆಗುತ್ತೆ."

ಭಾವನವರು ಕಳೆದ ವರ್ಷ ಬೆಂಗಳೂರಿಗೆ ಬಂದಾಗ, ಕಾರ್ಖಾನೆಯ ಆಯುಧಪೂಜೆಗೆ ಮಗಳ ಜೊತೆ ಒಳಗೆ ಹೋಗಿದ್ದರು. ಕುಂಕುಮ ಹಚ್ಚಿದ ಯಂತ್ರವೊಂದನ್ನು ತೋರಿಸಿ, ಇದರಲ್ಲಿ ನಿಮ್ಮ ಮಗಳ ಡಿಸೈನ್ ಇದೆ ಅಂತ ಅಲ್ಲಿನ ಹಿರಿಯರು ಹೇಳಿದರಂತೆ. ಷರತ್ತಿನ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತಿಲ್ಲ.

ಆಪ್ಷನ್ ಪಟ್ಟಿ ಬರೆಯುವ ಮೊದಲು

* ಪರಿಚಯದವರ ವರ್ಕ್‌ಶಾಪ್ ಅಥವಾ ಕಾರ್ಖಾನೆಗೆ ಮಗಳನ್ನು ಒಂದು ದಿನ ಕರೆದುಕೊಂಡು ಹೋಗಿ. ನೀವೂ ಜೊತೆಗಿರಿ. ಎಣ್ಣೆ, ಸದ್ದು ನೋಡಿದ ಮೇಲೂ ಅವಳ ಕಣ್ಣಲ್ಲಿ ಆಸೆ ಇದೆಯಾ ಗಮನಿಸಿ.
* ಮನೆಯಲ್ಲಿ ಕೆಟ್ಟ ಮಿಕ್ಸಿ, ಫ್ಯಾನು ಬಿಚ್ಚಿ ನೋಡುವ ಹುಚ್ಚು ಇದ್ದರೆ ಗದರಬೇಡಿ. ಪ್ಲಗ್ ತೆಗೆದಿದೆಯಾ ಅಂತ ಮಾತ್ರ ನೋಡಿ.
* ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ವರ್ಕ್‌ಶಾಪಿನ ಯಂತ್ರಗಳು ನಡೆಯುತ್ತಿವೆಯಾ, ವಿದ್ಯಾರ್ಥಿನಿಯರ ಕೈಗೂ ಕೊಡ್ತಾರಾ, ಅಂತ ಅಲ್ಲಿ ಓದುವ ಹುಡುಗಿಯರನ್ನೇ ಕೇಳಿ.
* 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅನ್ನುವ ದುಬಾರಿ ಕ್ಯಾಡ್ ತರಬೇತಿಗೆ ದುಡ್ಡು ಕಟ್ಟುವ ಮೊದಲು, ಅಲ್ಲಿ ಕಲಿತು ಕೆಲಸಕ್ಕೆ ಸೇರಿದ ಇಬ್ಬರನ್ನಾದರೂ ಮಾತಾಡಿಸಿ.
* ಗಣಿತ ಮತ್ತು ಭೌತಶಾಸ್ತ್ರ ಎರಡರಲ್ಲೂ ಆಸಕ್ತಿಯಿಲ್ಲದೆ ಬರೀ ಸೀಟು ಸಿಕ್ಕಿತು ಅಂತ ಸೇರಿಸಬೇಡಿ.
* ಒಪ್ಪಿದ ಮೇಲೆ ಪೂರ್ತಿ ಒಪ್ಪಿ. 'ಒಳಗೆ ಹೋಗಬೇಡ' ಅನ್ನೋ ಷರತ್ತು ಹಾಕಬೇಡಿ.